ಸ್ಪೋರ್ಟೋ, ಲಾಂಗೋ?

ನನ್ನ ಮುಂದೆ ಯಾರೂ ಎರಡು ವಸ್ತು ಇಡಬಾರದು. ಒಂದಿಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ, ಎರಡಿಟ್ಟರೆ ಜ್ವರ ಬರುತ್ತದೆ. ಹೋಟೆಲಿನಲ್ಲಿ ಪೂರಿಯೋ ಸುಸಲಾನೋ ಎಂದು ಕೇಳಿದರೆ ಪಕ್ಕದ ಟೇಬಲ್ಲಿನವರ ತಟ್ಟೆ ನೋಡುತ್ತೇನೆ. ಅವರದು ಇನ್ನೂ ಬಂದಿಲ್ಲದಿದ್ದರೆ ಬರುವವರೆಗೆ ಕಾಯುತ್ತೇನೆ. ಬಟ್ಟೆ ಅಂಗಡಿಯವನು ನೀಲಿ, ಬೂದು ಎರಡು ಅಂಗಿ ಹರವಿದ ದಿನ ಎರಡನ್ನೂ ಬಿಟ್ಟು ಟವೆಲು ಕೊಂಡು ಮನೆಗೆ ಬಂದವನು ನಾನು. ನನ್ನ ಮದುವೆ ಸುಸೂತ್ರವಾಗಿ ಆದದ್ದೂ ಹಿರಿಯರು ಒಂದೇ ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋದದ್ದರಿಂದ. ಆ ಮನೆಯಲ್ಲಿ ಇನ್ನೊಬ್ಬ ಮಗಳಿದ್ದಿದ್ದರೆ ಇವತ್ತಿಗೂ ಹುಣಸಗಿಯ ಆ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದೆನೇನೋ.

ಇಂಥವನಿಗೆ ನಮ್ಮ ಕಂಪನಿ ಒಂದು ಸೋಮವಾರ ಫೋನು ಮಾಡಿ ದೊಡ್ಡ ಸುದ್ದಿ ಕೊಟ್ಟಿತು. ನಾನು ಶಹಾಪುರದಲ್ಲಿ ಒಂದು ಬೀಜದ ಕಂಪನಿಯ ಅಧಿಕಾರಿ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಈ ಕಡೆ ಬೀಜದ ಕಂಪನಿಗಳೂ ಚಿಗುರಿದವು, ಅವುಗಳ ಜೊತೆಗೆ ಮುದನಾಳ ಎಂಬ ಹಳ್ಳಿಯ ನನ್ನಂಥವನೂ ಸ್ವಲ್ಪ ಚಿಗುರಿದ. ಆ ವರ್ಷ ನನ್ನನ್ನು ಇಡೀ ವಲಯಕ್ಕೆ ವ್ಯವಸ್ಥಾಪಕನನ್ನಾಗಿ ಮಾಡಿದ್ದರು. ಫೋನಿನಲ್ಲಿದ್ದವರು ಹೇಳಿದರು: "ನಿಮ್ಮ ದರ್ಜೆಗೆ ಐಷಾರಾಮಿ ಸೆಡಾನ್ ಕಾರು ಲೀಸಿಗೆ ಮಂಜೂರಾಗಿದೆ. ಬಾಡಿಗೆ ಕಂಪನಿಯದು. ಯಾವ ಆವೃತ್ತಿ ಬೇಕು ಅಂತ ಶನಿವಾರದೊಳಗೆ ತಿಳಿಸಿ. ಒಮ್ಮೆ ತಿಳಿಸಿದರೆ ನಾಲ್ಕು ವರ್ಷ ಬದಲಾಯಿಸೋ ಹಾಗಿಲ್ಲ."

ಐಷಾರಾಮಿ ಎಂಬ ಶಬ್ದ ಕೇಳಿ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಆವೃತ್ತಿ ಎಂಬ ಶಬ್ದ ಕೇಳಿ ಮತ್ತೆ ಕುಳಿತೆ.

ಮನೆಯಲ್ಲಿ ಸುದ್ದಿ ಹೇಳಿದಾಗ ನನ್ನ ಅವ್ವ ಹಾಸಿಗೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಳು. ಹೆಂಡತಿ ಮಹಾದೇವಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

"ಕಾರು ನಿಂದಲ್ಲ?" ಎಂದಳು ಅವ್ವ.

"ಅಲ್ಲವ್ವ, ಲೀಸು."

"ಹೊಲ ಲೀಜಿಗಿ ಹಾಕ್ತಾರಲ್ಲ, ಹಂಗ?"

"ಹಂಗ ನೋಡು."

"ಲೀಜಿನ ಹೊಲ ವಾಪಸ್ ಕೊಡೂವಾಗ ಬದು ಕೆಟ್ಟಿದ್ರ ಜಗಳ ಆಗ್ತದ. ಕಾರಿಗಿ ಬದು ಎಲ್ಲಿರ್ತದ?"

ಕಾರಿಗೆ ಬದು ಇರುವುದಿಲ್ಲ, ಆದರೆ ಮೈಮೇಲೆ ಗೀರು ಬಿದ್ದಿದ್ದರೆ ಕೇಳುತ್ತಾರೆ ಎಂದು ವಿವರಿಸಿದೆ. ಅವ್ವ ಅಂಗಳದಲ್ಲಿ ನಿಂತಿದ್ದ ನಮ್ಮ ಹಳೆಯ ಸಣ್ಣ ಕಾರಿನ ಕಡೆ ನೋಡಿದಳು. ಅದರ ಎಡಗಡೆಯ ಬಾಗಿಲಿಗೂ ನಮ್ಮ ಗೇಟಿನ ಕಂಬಕ್ಕೂ ಬಹಳ ದಿನದ ಸಂಬಂಧ. "ಹಂಗಾರ ಅದನ್ನ ನೀ ಓಡಸಬ್ಯಾಡ" ಎಂದು ಎಣ್ಣೆ ಬಟ್ಟಲು ಮುಚ್ಚಿದಳು.

ಆವೃತ್ತಿಗಳು ಮೂರಿದ್ದವು. ಮೊದಲನೆಯದು ಸಾದಾ. ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲವಂತೆ. ಉಳಿದೆರಡನ್ನು ಹೊಗಳುವುದಕ್ಕೆಂದೇ ಅದನ್ನು ಮಾಡಿರಬೇಕು. ಎರಡನೆಯದರ ಹೆಸರು ಸ್ಪೋರ್ಟ್. ಗಿಡ್ಡ ಮೈ, ಚುರುಕು ಇಂಜಿನ್ನು, ಓಡಿಸುವವನಿಗಾಗಿಯೇ ಹುಟ್ಟಿದ್ದು. ಮೂರನೆಯದು ಲಾಂಗ್. ಹಿಂದೆ ಕೂರುವವರಿಗೆ ಉದ್ದ ಜಾಗ, ಒರಗುವ ಸೀಟು, ಸೀಟಿನೊಳಗೇ ಬೆನ್ನು ಒತ್ತುವ ಯಂತ್ರ. ಚಿತ್ರಗಳನ್ನು ನೋಡಿದ ಮೊದಲ ಕ್ಷಣದಲ್ಲೇ ನನ್ನ ಮನಸ್ಸು ಸ್ಪೋರ್ಟಿನ ಸ್ಟೇರಿಂಗ್ ಹಿಡಿದಾಗಿತ್ತು. ಐವತ್ತು ದಾಟಿದವನಿಗೆ ಸ್ಪೋರ್ಟ್ ಎಂದರೆ ಏನೆಂದು ಐವತ್ತು ದಾಟಿದವರಿಗೇ ಗೊತ್ತು. ಕನ್ನಡಿಯ ಮುಂದೆ ನಿಂತು ತಂಪು ಕನ್ನಡಕ ಹಾಕಿ ನೋಡಿಕೊಂಡೆ. ಹೊಟ್ಟೆಯನ್ನು ಒಳಗೆ ಎಳೆದುಕೊಂಡರೆ ಸಾಕಷ್ಟು ಸ್ಪೋರ್ಟಾಗಿಯೇ ಕಾಣುತ್ತಿದ್ದೆ. ಆದರೆ ಹೊಟ್ಟೆ ಬಿಟ್ಟ ಕೂಡಲೇ ಲಾಂಗ್ ನೆನಪಾಗುತ್ತಿತ್ತು. ಬೆಳಿಗ್ಗೆ ಸ್ಪೋರ್ಟ್ ಎಂದು ಎದ್ದು, ಊಟದ ಹೊತ್ತಿಗೆ ಲಾಂಗ್ ಆಗಿ, ಸಂಜೆ ಚಹಾಕ್ಕೆ ಮತ್ತೆ ಸ್ಪೋರ್ಟಿಗೆ ಬರುತ್ತಿದ್ದೆ. ಭತ್ತದ ಬೀಜದ ಬಗ್ಗೆ ಕೇಳಲು ಬಂದ ರೈತರೊಬ್ಬರಿಗೆ "ಉದ್ದಂದು ತಗೊಳ್ರಿ, ಆರಾಮ ಇರ್ತದ" ಎಂದೆನಂತೆ. ಅವರು ಉದ್ದ ಕಾಳಿನ ತಳಿ ತೆಗೆದುಕೊಂಡು ಹೋದರು.

ಮಹಾದೇವಿಯನ್ನು ಕೇಳಿದರೆ, "ನೋಡದ ಹೆಂಗ ಹೇಳ್ಲಿ? ಓಡ್ಸಿ ನೋಡಿದ ಮ್ಯಾಲ ಮಾತು" ಎಂದಳು. ಓಡಿಸಿ ನೋಡುವುದು ಎಂದರೆ ನಾನು ಓಡಿಸುವುದು, ಅವಳು ನೋಡುವುದು ಎಂದು ಅರ್ಥ ಮಾಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ಕಲಬುರಗಿಯ ಷೋರೂಮಿನಿಂದ ಕಿರಣ್ ಎಂಬ ಮಾರಾಟದ ಅಧಿಕಾರಿ ಕಾರು ತಂದರು. ಮೈಸೂರು ಕಡೆಯವರು, ಟೈ ಕಟ್ಟಿದ್ದರು, ಮಾತೆಲ್ಲ ಬೆಣ್ಣೆ. ತಂದದ್ದು ಲಾಂಗ್. "ಸ್ಪೋರ್ಟ್ ಕೂಡ ಇದೇ ಥರ ಸರ್, ಹಿಂದುಗಡೆ ಸ್ವಲ್ಪ ಕಡಿಮೆ, ಅಷ್ಟೆ" ಎಂದರು. ಕಾರು ನಮ್ಮ ಓಣಿಗೆ ತಿರುಗಿದಾಗ ಅದರ ಮೂಗು ಬಂದು ಎಷ್ಟೋ ಹೊತ್ತಿನ ಮೇಲೆ ಬಾಲ ಬಂತು. ಕಪ್ಪು ಬಣ್ಣ, ಅದರ ಮೈಯಲ್ಲಿ ನಮ್ಮ ಇಡೀ ಓಣಿ, ಎದುರು ಮನೆಯ ಒಣಹಾಕಿದ ಸೀರೆಗಳ ಸಮೇತ ಕಾಣುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮದುವೆಯ ದಿನ ಇಷ್ಟು ಹೊಡೆದುಕೊಂಡಿರಲಿಲ್ಲ.

ಎಲ್ಲಿಗೆ ಹೋಗುವುದು ಎಂಬುದನ್ನು ಅವ್ವ ಮೊದಲೇ ತೀರ್ಮಾನಿಸಿದ್ದಳು. ಹುಣಸಗಿಯಲ್ಲಿ ಅವಳ ಅಕ್ಕ ಇದ್ದಾಳೆ. ಮೊಣಕಾಲು ಮಡಚಲಾಗದ ಕಾರಣ ಅವ್ವ ಬಸ್ಸನ್ನೂ ಬಿಟ್ಟಿದ್ದಳು, ನಮ್ಮ ಸಣ್ಣ ಕಾರನ್ನೂ ಬಿಟ್ಟಿದ್ದಳು. ಅಕ್ಕತಂಗಿಯರು ಮುಖ ನೋಡಿ ಬಹಳ ಕಾಲವಾಗಿತ್ತು. ಲಾಂಗಿನ ಹಿಂದಿನ ಸೀಟಿನಲ್ಲಿ ಕೂತು ಕಾಲು ಪೂರ್ತಿ ಚಾಚಿ, ಚಾಚಿದ ಕಾಲನ್ನೇ ಸ್ವಲ್ಪ ಹೊತ್ತು ನೋಡಿದಳು. ನಾನು ಸ್ಟೇರಿಂಗ್ ಹಿಡಿದು ಕುಳಿತೆ, ಕಿರಣ್ ಪಕ್ಕದಲ್ಲಿ, ಅವ್ವ ಮತ್ತು ಮಹಾದೇವಿ ಹಿಂದೆ.

ಸುರಪುರದವರೆಗೆ ನಾನು ರಾಜನ ಹಾಗೆ ಓಡಿಸಿದೆ. ಬಂಡೆಗುಡ್ಡಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಂತಿತ್ತು. ಒಮ್ಮೆ ಮಾತ್ರ ಅವ್ವ, "ಯಾರೋ ಹಿಂದಿಂದ ಬೆನ್ನು ಒತ್ತಾಕತ್ತಾರ" ಎಂದು ಗಾಬರಿಯಾದಳು. ಅವಳ ಕೈ ತಾಗಿ ಸೀಟಿನ ಯಂತ್ರ ಶುರುವಾಗಿತ್ತು. ಕಿರಣ್ ನಿಲ್ಲಿಸಲು ಹೋದರೆ, "ಇರ್ಲಿ ಬಿಡಪ್ಪ, ಒತ್ತಲಿ" ಎಂದಳು. ಹುಣಸಗಿ ಹತ್ತಿರವಾದಾಗ ಅವಳಿಗೆ ಕಾಲುವೆ ನೋಡುವ ಆಸೆಯಾಯಿತು. ಹೆದ್ದಾರಿ ಬಿಟ್ಟು ಕಾಲುವೆಯ ಏರಿಯ ಮೇಲಿನ ರಸ್ತೆಗೆ ಇಳಿದೆ. ಎಡಕ್ಕೆ ದಡ ಮುಟ್ಟಿ ಹರಿಯುವ ನೀರು, ಬಲಕ್ಕೆ ಕೆಳಗೆ ಕೊಯ್ಲಿಗೆ ಬಂದ ಭತ್ತ. "ಇಲ್ಲಿ ಬರೇ ಜಾಲಿ ಇತ್ತು" ಎಂದು ಅವ್ವ ಹೇಳುತ್ತಿದ್ದಳು. ಅಷ್ಟರಲ್ಲಿ ತಿರುವಿನಲ್ಲಿ ಭತ್ತ ಕೊಯ್ಯುವ ದೊಡ್ಡ ಯಂತ್ರ, ರಸ್ತೆಯಷ್ಟೇ ಅಗಲದ ಹಲ್ಲು ಬಿಟ್ಟುಕೊಂಡು, ನಮ್ಮೆದುರಿಗೆ ಬಂದು ನಿಂತಿತು.

ಅದರ ಹಿಂದೆ ಭತ್ತ ತುಂಬಿದ ಟ್ರ್ಯಾಕ್ಟರುಗಳಿದ್ದವು. ಅದು ಹಿಂದೆ ಹೋಗುವಂತಿರಲಿಲ್ಲ. ನಾವೇ ಹಿಂದೆ ಸರಿಯಬೇಕು, ದಾಟಿ ಬಂದ ಸೇತುವೆಯ ತನಕ. ಕಾರಿನ ಪರದೆಯ ಮೇಲೆ ಹಿಂದಿನ ರಸ್ತೆಯ ಚಿತ್ರ ಬಂತು, ಅದರ ಮೇಲೆ ಹಳದಿ, ಕೆಂಪು ಗೆರೆಗಳು. ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ಎದ್ದಿತು. ಪರದೆ, ಕನ್ನಡಿ, ನನ್ನ ಸ್ವಂತ ಕುತ್ತಿಗೆ, ಒಟ್ಟು ಮೂರು ಆವೃತ್ತಿ. ಮೂರನ್ನೂ ಸ್ವಲ್ಪ ಸ್ವಲ್ಪ ನೋಡಿ ಸ್ಟೇರಿಂಗ್ ತಿರುಗಿಸಿದೆ. ಕಾರು ಕುಂಯ್ ಕುಂಯ್ ಎನ್ನಲು ಶುರುಮಾಡಿತು. ಬಾಲ ನೀರಿನ ಕಡೆಗೆ ಹೊರಳಿತು. ಕಿರಣ್ ಅವರ ಬೆಣ್ಣೆಯೆಲ್ಲ ಕರಗಿ, "ಸರ್, ಬ್ರೇಕ್ ಸರ್, ಸಾಕು ಸರ್, ದಯವಿಟ್ಟು ಸರ್" ಎಂದರು. ಬ್ರೇಕ್ ಒತ್ತಿದೆ. ಏರಿಯ ಒಂದು ಮಣ್ಣಿನ ಹೆಂಟೆ ಕಳಚಿ ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಹಿಂದಿನ ಬಾಗಿಲು ತೆರೆಯಿತು. ಮಹಾದೇವಿ ಇಳಿದು ಹಿಂದೆ ಹೋಗಿ ಚಕ್ರ ನೋಡಿ, ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಬಾಗಿಲು ತೆಗೆದಳು.

"ಇಳೀರಿ."

"ನೀ ಏನ್ ಮಾಡ್ತಿ?"

"ಹಿಂದಕ್ಕ ಹಚ್ತೀನಿ. ಇಳೀರಿ ಮೊದಲ."

"ಮೇಡಂ, ಲೈಸೆನ್ಸ್..." ಎಂದರು ಕಿರಣ್.

"ಅದ ರೀ. ಚೀಲದಾಗ ಅದ. ನೋಡ್ತೀರೇನು?"

ಕಿರಣ್ ಸೀಟಿಗಂಟಿ ಕುಳಿತರು. ನಮ್ಮ ಕಡೆಯ ಮಾತಿನ ಧಾಟಿ ಕೇಳಿ ಆಕೆ ತಮ್ಮ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡರೆಂದು ಕಾಣುತ್ತದೆ. ಲೈಸೆನ್ಸ್ ಇದ್ದದ್ದು ನಿಜ. ನಮ್ಮ ಮಗಳು ಕಾರು ಕಲಿಯಲು ಸೇರಿದಾಗ ಇವಳೂ ಜೊತೆಗೆ ಹೋಗಿ ಮಾಡಿಸಿಕೊಂಡಿದ್ದಳು. ಬ್ಯಾಂಕಿನಲ್ಲಿ ತೋರಿಸಲು ಒಂದು ಕಾರ್ಡ್ ಇರಲಿ ಎಂದು ಮಾಡಿಸಿದ್ದಾಳೆ ಎಂದೇ ನಾನು ನಂಬಿದ್ದೆ.

ಅವಳು ಕೂತು, ಸೀಟನ್ನು ಮುಂದೆ ಎಳೆದುಕೊಂಡು, "ಈ ಪರದಿ ಬಾಯಿ ಮುಚ್ಚಸ್ರಿ ಮೊದಲ" ಎಂದಳು. ಕಿರಣ್ ಮುಚ್ಚಿಸಿದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಂದು ಕೈಯಿಂದ ಸ್ಟೇರಿಂಗ್ ಹಿಡಿದು, ಅಷ್ಟುದ್ದದ ಕಾರನ್ನು ನೂಲು ಹಿಡಿದಂತೆ ಹಿಂದಕ್ಕೆ ತೆಗೆದುಕೊಂಡು ಹೋದಳು. ನಾನು ಏರಿಯ ಮೇಲೆ ಅದರ ಮೂಗಿನ ಮುಂದೆ ನಡೆಯುತ್ತಿದ್ದೆ, ಸುಮ್ಮನೆ ಎರಡೂ ಕೈ ಆಡಿಸುತ್ತ, ನಾನೇ ದಾರಿ ತೋರಿಸುತ್ತಿರುವಂತೆ. ಹಿಂದಿನ ಸೀಟಿನಲ್ಲಿ ಅವ್ವ ಕಣ್ಣು ಮುಚ್ಚಿದ್ದಳು. ಹೆದರಿಕೆಗಲ್ಲ, ಬೆನ್ನು ಒತ್ತುವುದು ನಡೆದೇ ಇತ್ತು.

ಸೇತುವೆಯ ಬಳಿ ಕಾರು ಪಕ್ಕಕ್ಕೆ ನಿಂತು ಯಂತ್ರಕ್ಕೆ ದಾರಿಯಾಯಿತು. ಯಂತ್ರದ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರು ಕೆಳಗೆ ಬಗ್ಗಿ ನೋಡಿದರು. "ಯವ್ವಾ, ನೀ ಮಲ್ಲಣ್ಣನ ಮಗಳು ಮಾದೇವಿ ಅಲ್ಲೇನು?"

"ಹೌದ್ರಿ ಕಾಕಾ. ಆರಾಮದೀರಿ?"

"ಆರಾಮ ಇದೀನವ್ವ." ಅವರು ನನ್ನ ಕಡೆ ತಿರುಗಿದರು. "ಅಳಿಯಂದ್ರ, ನಿಮ್ಮ ಮಾವ ಟ್ರ್ಯಾಕ್ಟರ್ ತಂದಾಗ ಟ್ರಾಲಿ ಸಮೇತ ಹಿಂದಕ್ಕ ಹಚ್ಚೋದು ಊರಾಗ ಯಾರಿಗೂ ಬರ್ತಿದ್ದಿಲ್ರಿ. ಈಕಿನ ಹಚ್ತಿದ್ಲು. ಕಾಲುವಿ ಗದ್ದಿಗಿ ಬೀಜ, ಗೊಬ್ರ ಎಲ್ಲ ಈಕಿ ತಂದು ಹಾಕ್ತಿದ್ಲು. ನಿಮಗ ಗೊತ್ತೇ ಅದಲ್ಲ."

"ಗೊತ್ತದ್ರಿ" ಎಂದೆ. ಗೊತ್ತಿರಲಿಲ್ಲ.

ಯಂತ್ರ, ಟ್ರ್ಯಾಕ್ಟರು ಎಲ್ಲ ದಾಟಿ ಹೋದ ಮೇಲೆ ಕೇಳಿದೆ: "ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಕೀಲಿ ಯಾವತ್ತೂ ನಿಮ್ಮ ಕಿಸೆದಾಗೇ ಇರ್ತಿತ್ತು" ಎಂದಳು. ಸಿಟ್ಟಿನಿಂದಲ್ಲ. ಮುಖ ಕೆಂಪಾಗಿತ್ತು, ಕೂದಲು ಗಾಳಿಗೆ ಕೆದರಿತ್ತು, ಕೈ ಇನ್ನೂ ಸ್ಟೇರಿಂಗಿನ ಮೇಲಿತ್ತು. ಹುಣಸಗಿಯ ಪಡಸಾಲೆಯಲ್ಲಿ ತಲೆ ಬಗ್ಗಿಸಿ ತಟ್ಟೆ ಕೊಟ್ಟು ಹೋದ ಹುಡುಗಿಯನ್ನು ಅವತ್ತು ನಾನು ಸರಿಯಾಗಿ ನೋಡಿರಲೇ ಇಲ್ಲ ಎನ್ನಿಸಿತು. "ಅತ್ತೀ, ಮುಂದ ಬರ್ತೀರೇನು? ಮುಂದಿಂದ ಕಾಲುವಿ ಚಂದ ಕಾಣ್ತದ" ಎಂದಳು. ಅವ್ವ ಮುಂದೆ ಬಂದಳು. ನಾನೂ ಕಿರಣ್ ಅವರೂ ಹಿಂದೆ ಕುಳಿತೆವು. ಹುಣಸಗಿಯಲ್ಲಿ ಅಕ್ಕತಂಗಿಯರು ಒಬ್ಬರ ಗದ್ದ ಒಬ್ಬರು ಹಿಡಿದು ಅತ್ತು, ನಕ್ಕು, ಆಮೇಲೆ ಇಬ್ಬರೂ ಕೂಡಿ ಬೆನ್ನು ಒತ್ತುವ ಸೀಟಿನಲ್ಲಿ ಸರದಿಯಂತೆ ಕೂತರು. ಕಿರಣ್ ಅವರಿಗೆ ಹೋಳಿಗೆ ಬಡಿಸಲಾಯಿತು. ಬಡಿಸುವಾಗ ಕೇಳಿದ "ಉಣ್ರಿ, ಯಾಕ ಉಣವಲ್ರಿ" ಎಂಬ ಗದರಿಕೆಗೆ ಹೆದರಿ ಅವರು ಕೈ ನಿಲ್ಲಿಸದೆ ಉಂಡರು.

ವಾಪಸು ಬರುವಾಗ ನಾನು ಕೊನೆಯ ಪ್ರಯತ್ನ ಮಾಡಿದೆ. "ನಮ್ಮ ಕಡಿ ರಸ್ತೆಗಳಿಗಿ ಲಾಂಗ್ ಆಗಂಗಿಲ್ಲ. ಹಿಂದ ತಗೊಳ್ಳೋದು ಕಷ್ಟ. ಸ್ಪೋರ್ಟ್ ಗಿಡ್ಡ ಇರ್ತದ."

"ಯಾರಿಗಿ ಕಷ್ಟ?" ಎಂದಳು ಅವ್ವ, ಮುಂದಿನ ಸೀಟಿನಿಂದ ತಿರುಗದೆಯೇ.

ಶನಿವಾರ ಬೆಳಿಗ್ಗೆ ಪ್ರಧಾನ ಕಚೇರಿಗೆ ಫೋನು ಮಾಡಿ, ಎಲ್ಲ ಆವೃತ್ತಿಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ ಲಾಂಗ್ ಎಂಬ ತೀರ್ಮಾನಕ್ಕೆ ಬಂದಿದ್ದೇನೆ ಎಂದು ತಿಳಿಸಿದೆ. ಓಡಿಸಲು ಮನೆಯವರಿಗೂ ಅನುಮತಿ ಇದೆಯೇ ಎಂದು ವಿಚಾರಿಸಿದೆ, ಇದೆ ಎಂದರು. ಯಾವ ಬಣ್ಣದ ಕಾರು ಬೇಕು ಎಂದು ಅವರು ಕೇಳಿದಾಗ ಫೋನನ್ನು ಮಹಾದೇವಿಗೆ ಕೊಟ್ಟೆ.

ಈಗ ನನ್ನ ಜಾಗ ಹಿಂದೆ. ಯಾದಗಿರಿಗೆ ಕಚೇರಿ ಕೆಲಸಕ್ಕೆ ಹೋಗುವಾಗಲೂ ಒಮ್ಮೊಮ್ಮೆ ಅವಳೇ ಬಿಟ್ಟು ಬರುತ್ತಾಳೆ. ಭೀಮಾ ಸೇತುವೆಯ ಮೇಲೆ ಜನ ಬಗ್ಗಿ ನೋಡಿ, ಒಳಗಿರುವವನು ಯಾರೋ ಭಾರಿ ಆಸಾಮಿ ಎಂದುಕೊಂಡು ನಮಸ್ಕಾರ ಮಾಡುತ್ತಾರೆ. ನಾನೂ ಗಂಭೀರವಾಗಿ ಕೈ ಎತ್ತುತ್ತೇನೆ. ಆದರೆ ಎದುರಿನಿಂದ ಲಾರಿ ಬಂದರೆ ಸಾಕು, ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಮೊನ್ನೆ ಹಾಗೆ ಒತ್ತಿದಾಗ ಮಹಾದೇವಿ ಕನ್ನಡಿಯಲ್ಲಿ ನೋಡಿ ಹೇಳಿದಳು:

"ಬ್ರೇಕ್ ಇಲ್ಲಿ ನನ್ನ ಕಾಲಾಗ ಅದ. ನೀವು ಕಾಲು ಚಾಚಿ ಆರಾಮ ಕೂಡ್ರಿ."

ಚಾಚಿದೆ. ಜಾಗ ಬೇಕಾದಷ್ಟಿತ್ತು. ಎಷ್ಟಾದರೂ ನಾನೇ ಆರಿಸಿದ ಕಾರು.