ಹೆಸರು ಮೊದಲು, ಸರ್ವನಾಮ ಆಮೇಲೆ

ನನ್ನ ಮಾವನಿಗೆ ಹಾವು, ಹುಲಿ, ದೆವ್ವ, ಅತ್ತೆ ಯಾವುದರ ಭಯವೂ ಇಲ್ಲ. (ಕೊನೆಯದರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ.) ಆದರೆ ಯಾರಾದರೂ ಬಂದು ‘ಅವನು ಹಾಗೆ ಮಾಡಿದ’ ಎಂದು ಮಾತು ಶುರುಮಾಡಿದರೆ ಸಾಕು, ಮೈಗೆ ತುರಿಕೆ ಸೊಪ್ಪು ಸವರಿದ ಹಾಗೆ ಚಡಪಡಿಸುತ್ತಾರೆ!

“ಅವನು ಅಂದರೆ ಯಾರು ಮಾರಾಯ? ಮೊದಲು ಹೆಸರು ಹೇಳು. ಸರ್ವನಾಮ ಆಮೇಲೆ!”

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿ, ನಿವೃತ್ತರಾದ ಮೇಲೆ ಗುರುವಾಯನಕೆರೆಯಲ್ಲಿ ಮನೆ ಮಾಡಿದವರು. ಇಂಗ್ಲಿಷಿನಲ್ಲಿ ಒಂದು ನಿಯಮವಿದೆ. ಸರ್ವನಾಮ ಬರುವ ಮೊದಲು ಅದು ಯಾರನ್ನು ಹೇಳುತ್ತದೋ ಆ ನಾಮಪದ ಬಂದಿರಬೇಕು. ಅದರ ಹೆಸರು ಆಂಟಿಸಿಡೆಂಟ್. ಅದು ಒಬ್ಬ ಗಂಡಸಾದರೆ ‘ಹೀ’, ಒಬ್ಬಳು ಹೆಂಗಸಾದರೆ ‘ಶೀ’, ಹಲವರಾದರೆ ‘ದೇ’. ಎಲ್ಲ ಮೇಷ್ಟ್ರುಗಳೂ ಇದನ್ನು ಪರೀಕ್ಷೆಗೆ ಮುಂಚೆ ಕಲಿಸಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ನಮ್ಮ ಮಾವ ಅದನ್ನು ಮನೆಗೆ ಕರೆತಂದು ಸಾಕಿಕೊಂಡರು!

ಮಕ್ಕಳ ಬಾಯಿಗೆ ‘ಆಂಟಿಸಿಡೆಂಟ್’ ಎಲ್ಲಿ ಬರಬೇಕು? ಮಾವ ‘ಆಕ್ಸಿಡೆಂಟ್ ಸರ್’ ಆದರು. ಅವರ ಮಗಳನ್ನು ನೋಡಲು ವರನ ಕಡೆಯವರು ಬಂದ ದಿನ, ಪೇಟೆಯಲ್ಲಿ ದಾರಿ ಕೇಳಿದ್ದಾರೆ. ಅಂಗಡಿಯವನು, “ಆಕ್ಸಿಡೆಂಟ್ ಸರ್ ಮನೆಯಾ? ಅಲ್ಲೇ ಎದುರಿಗೆ ಉಂಟು” ಎಂದು ಕೈ ತೋರಿಸಿದ. ಪಾಪ, ಅವರು ತಂದಿದ್ದ ಸಿಹಿಯನ್ನು ಕಾರಿನಲ್ಲೇ ಬಿಟ್ಟು, ಮೂಸಂಬಿ ಕೊಂಡು, ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದರು. ಬಾಗಿಲು ತೆರೆದವರು ಗುಂಡುಕಲ್ಲಿನಂತಿದ್ದ ಮಾವ! ಸಂಬಂಧವೂ ಕುದುರಿತು, ಮೂಸಂಬಿಯೂ ಉಳಿಯಿತು.

ಅದಕ್ಕಿಂತ ಎಷ್ಟೋ ವರ್ಷ ಮೊದಲು ಮಾವನ ಮನೆಯವರು ಬಂಟ್ವಾಳದಲ್ಲಿ ಹೊಳೆಯ ಹತ್ತಿರ ಒಂದು ಬಾಡಿಗೆ ಮನೆಯಲ್ಲಿದ್ದರು. ನಾನು ರಜೆಗೆಂದು ಹೋಗಿದ್ದೆ. ಬೆಳಿಗ್ಗೆ ಮಾವ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾಗ ಪಕ್ಕದ ಮನೆಯವರು ಓಡಿ ಬಂದರು.

“ಸರ್, ಬಂತು! ಅದು ಮೆಟ್ಟಿಲಿನವರೆಗೆ ಬಂತು!”

“ಅದು ಅಂದರೆ ಎಂತದು? ನಾಯಿಯಾ? ದನವಾ?”

“ಅಯ್ಯೋ, ಅದು ಸರ್, ಅದು!”

“ಇಲ್ಲಿಯೇ ನೋಡಿ ನೀವು ತಪ್ಪುವುದು. ‘ಅದು’ ಅನ್ನಬೇಕಾದರೆ ಅದಕ್ಕಿಂತ ಮೊದಲು...”

ಮಾವ ನಿಯಮ ಹೇಳಿ ಮುಗಿಸುವುದರೊಳಗೆ ನಾಮಪದ ತಾನಾಗಿಯೇ ಮನೆಯೊಳಗೆ ಬಂತು! ಹೊಳೆಯ ಕೆಂಪು ನೀರು ಕುರ್ಚಿಯ ಕಾಲು ತೊಳೆದು, ಮಾವನ ಎಡಗಾಲಿನ ಚಪ್ಪಲಿಯನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಿತು. ಅಕ್ಕಿ, ಸ್ಟವ್, ನನ್ನನ್ನು ಎಲ್ಲ ಆಗಲೇ ಅಟ್ಟಕ್ಕೆ ಸಾಗಿಸಿದ್ದ ಅತ್ತೆ ಮೇಲಿನಿಂದ ಕೂಗಿದರು:

“ನೇತ್ರಾವತಿ ಬಂದಿದ್ದಾಳೆ! ಅವಳಿಗೆ ಕುರ್ಚಿ ಬಿಟ್ಟುಕೊಟ್ಟು ನೀವು ಮೇಲೆ ಬನ್ನಿ!”

ಒದ್ದೆ ಪಂಚೆ ಎತ್ತಿಕೊಂಡು ಏಣಿ ಹತ್ತುತ್ತಾ ಮಾವ ನನಗೆ ಹೇಳಿದ್ದೇನು ಗೊತ್ತೇ? “ನೋಡಿದೆಯಾ? ಹೆಸರು ಮೊದಲು, ‘ಅವಳು’ ಆಮೇಲೆ. ಈ ಊರಿನಲ್ಲಿ ನಿನ್ನ ಅತ್ತೆ ಒಬ್ಬಳೇ ಸರಿಯಾಗಿ ಹೇಳಿದ್ದು!”

ಇನ್ನೊಮ್ಮೆ ಸಿದ್ಧಕಟ್ಟೆಯಲ್ಲಿ ನೆಂಟರೊಬ್ಬರ ಮದುವೆ. ವರನ ಕಡೆಯವರು ದುಬೈಯವರಾದ್ದರಿಂದ ಸಭಾಂಗಣದ ಬಾಗಿಲಲ್ಲಿ ಇಂಗ್ಲಿಷ್ ಬೋರ್ಡು. ‘ಎವ್ರಿವನ್’, ಅಂದರೆ ಪ್ರತಿಯೊಬ್ಬರೂ, ತಮ್ಮ ಚಪ್ಪಲಿಗಳನ್ನು ಹೊರಗೆ ಬಿಡಬೇಕು ಎಂಬ ಸೂಚನೆಯಲ್ಲಿ ‘ತಮ್ಮ’ ಎನ್ನುವುದಕ್ಕೆ ‘ದೆಯರ್’ ಎಂದು ಬರೆದಿದ್ದರು. ಮಾವನಿಗೆ ತಡೆದುಕೊಳ್ಳಲಾದೀತೇ? “ಎವ್ರಿವನ್ ಏಕವಚನ. ದೆಯರ್ ಬಹುವಚನ. ಹೇಗೆ ಕೂಡಿ ಬರ್ತದೆ?” ಎಂದವರೇ ಜೇಬಿನ ಪೆನ್ನು ತೆಗೆದು ‘ದೆಯರ್’ ಹೊಡೆದುಹಾಕಿ ‘ಹಿಸ್’ ಎಂದು ದಪ್ಪಕ್ಷರದಲ್ಲಿ ಬರೆದರು. ಮದುಮಕ್ಕಳ ಜಾತಕ ಕೂಡಿಸಿದ ಜೋಯಿಸರಿಗೂ ಅಷ್ಟು ತೃಪ್ತಿಯಾಗಿರಲಿಕ್ಕಿಲ್ಲ.

ಸ್ವಲ್ಪ ಹೊತ್ತಿನಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಎತ್ತರದ ಚಪ್ಪಲಿಯಲ್ಲಿ ಟಕಟಕ ಒಳಗೆ ನಡೆದರು. ಬಾಗಿಲಲ್ಲಿದ್ದವನು ತಡೆದ.

“ಬೋರ್ಡ್ ಓದಿ ಮಾರಾಯ್ರೆ,” ಎಂದರು ಆಕೆ. “‘ಹಿಸ್’ ಅಂತ ಉಂಟು. ಅದು ಗಂಡಸರಿಗೆ. ನಾವು ಯಾಕೆ ತೆಗೀಬೇಕು?”

ಅವರ ಹಿಂದೆಯೇ ಹೆಂಗಸರ ಸಾಲೆಲ್ಲ ಚಪ್ಪಲಿ ಹಾಕಿಕೊಂಡು ಒಳಗೆ! ನಮಗೆಲ್ಲ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿದರೆ, ಮಾವ ಮಾತ್ರ ಆನಂದಬಾಷ್ಪ ಸುರಿಸುತ್ತಾ ನಿಂತಿದ್ದರು. “ಎಷ್ಟು ಚಂದ ಅರ್ಥ ಮಾಡಿಕೊಂಡಿದ್ದಾಳೆ! ಯಾವ ಶಾಲೆಯಲ್ಲಿ ಕಲಿತದ್ದು ಕೇಳು.”

ಇಂಥ ಮಾವನಿಗೆ ಒಂದು ದಿನ ದೊಡ್ಡ ಆಘಾತವೇ ಆಯಿತು. ರಜೆಯಲ್ಲಿ ಬಂದ ಮಗಳು ಮೊಬೈಲಿನಲ್ಲಿ ನಿಘಂಟು ತೆರೆದು, ‘ಎವ್ರಿವನ್’ ಜೊತೆ ‘ದೆಯರ್’ ಬರೆಯುವುದು ಈಗ ತಪ್ಪಲ್ಲ ಎಂದು ತೋರಿಸಿಬಿಟ್ಟಳು.

“ಯಾರು ಒಪ್ಪಿದ್ದು?”

“ಅವರೇ ಅಪ್ಪಾ, ಇಂಗ್ಲಿಷಿನವರು.”

ಮಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿದರು, ಮತ್ತೆ ಓದಿದರು. ಆ ದಿನ ಮೀನುಸಾರು ಮುಟ್ಟಲಿಲ್ಲ. ಬರೀ ಗಂಜಿ. ಸಂಜೆ ಅಂಗಳದಲ್ಲಿ ಕೂತು, “ಅವರ ವ್ಯಾಕರಣವನ್ನು ಅವರೇ ಬಿಟ್ಟು ಹೋದರು. ಇನ್ನು ಗುರುವಾಯನಕೆರೆಯವರೇ ಕಾಯಬೇಕು” ಎಂದು ನಿಟ್ಟುಸಿರಿಟ್ಟರು.

ಕಳೆದ ವರ್ಷ ಮೂಡುಬಿದಿರೆಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಸೇರಿ ಸನ್ಮಾನ ಮಾಡಿದರು. ಅತ್ತೆ ಮತ್ತು ನಾನು ಮುಂದಿನ ಸಾಲಿನಲ್ಲಿದ್ದೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಮಾವ ಮಾತಿಗೆ ನಿಂತರು. ಇಂಗ್ಲಿಷಿನಲ್ಲೇ ಮಾತು. ತಮ್ಮ ತಂದೆಯ ಹೆಸರು ಐತಪ್ಪ ಎಂದರು. ಮುಂದಿನ ವಾಕ್ಯ, ‘ದೇ’ ಶಾಲೆಗೆ ಹೋದವರಲ್ಲ. ಅದರ ಮುಂದಿನದು, ‘ದೇ’ ಮೂಡುಬಿದಿರೆಯಲ್ಲೇ ಕೆಲಸ ಮಾಡುತ್ತಿದ್ದರು.

ಸಭೆಯಲ್ಲಿ ಗುಜುಗುಜು ಎದ್ದಿತು. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. ತಲೆ ಬೋಳಾದ ಹಳೆಯ ವಿದ್ಯಾರ್ಥಿಯೊಬ್ಬರು ಹಿಂದಿನ ಸಾಲಿನಿಂದ ತಟಕ್ಕನೆ ಎದ್ದೇ ನಿಂತರು. ಎಷ್ಟು ವರ್ಷದಿಂದ ಕಾದಿದ್ದರೋ!

“ಸರ್, ತಪ್ಪಾಯಿತು! ಅಪ್ಪ ಒಬ್ಬರೇ ಅಲ್ಲವಾ? ‘ಹೀ’ ಆಗಬೇಕು!”

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಮಾವನೂ ನಕ್ಕರು. “ಫುಲ್ ಮಾರ್ಕ್ಸ್,” ಎಂದರು. ಆಮೇಲೆ ಇಂಗ್ಲಿಷ್ ಬಿಟ್ಟರು.

“ನಮ್ಮಪ್ಪ ಇಲ್ಲಿಯ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸ್ತಾ ಇದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಮೂಲೆಯಲ್ಲಿ ಕೂತುಕೊಳ್ಳುವುದು. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಲಿಲ್ಲ. ‘ಏಯ್, ಇವನೇ.’ ‘ಅವನನ್ನು ಕರಿ.’ ‘ಅವನ ಹತ್ತಿರ ಒರೆಸಲಿಕ್ಕೆ ಹೇಳು.’ ಅಷ್ಟೇ. ಅವರಿಗೊಂದು ಹೆಸರು ಉಂಟು ಅಂತ ಯಾರಿಗೂ ಬೇಕಾಗಿರಲಿಲ್ಲ. ಬಹುವಚನವಂತೂ ಸಿಗಲೇ ಇಲ್ಲ. ಈಗ ನಾನಾದರೂ ಕೊಡ್ತೇನೆ ಮಾರಾಯ. ತಪ್ಪಾದರೆ ತಪ್ಪಾಗಲಿ.”

ಎದ್ದು ನಿಂತಿದ್ದವರು ಕೂರುವುದನ್ನೇ ಮರೆತರು. “‘ದೇ’ಯೇ ಇರಲಿ ಸರ್,” ಎಂದರು ಕೊನೆಗೆ, ಬಹಳ ಸಣ್ಣ ಧ್ವನಿಯಲ್ಲಿ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಇಷ್ಟು ವರ್ಷ ನನ್ನ ಹತ್ತಿರ ಸಹ ಹೇಳಲಿಲ್ಲ,” ಎಂದರು ನನಗೆ.

ಮೂವರೂ ಬಸ್ಸಿನಲ್ಲಿ ವಾಪಸಾದೆವು. ಗುರುವಾಯನಕೆರೆಯಲ್ಲಿ ಇಳಿದಾಗ ಮಾವ, “ಒಂದು ಚಾ ಕುಡಿದು ಹೋಗುವ,” ಎಂದರು. ಹೋಟೆಲಿನಲ್ಲಿ ಹೆಗಲ ಮೇಲೆ ಬಟ್ಟೆ ಹಾಕಿಕೊಂಡಿದ್ದ ನಡುವಯಸ್ಸಿನವರೊಬ್ಬರು ಬಂದು ನಮ್ಮ ಮೇಜು ಒರೆಸಿದರು.

“ನಿಮ್ಮ ಹೆಸರೆಂತ?” ಮಾವ ಕೇಳಿದರು.

ಅವರು ಗಾಬರಿಯಾದರು. “ಯಾಕೆ ಸರ್? ಎಂತಾದರೂ ತಪ್ಪಾಯಿತಾ?”

“ಇಲ್ಲ, ಇಲ್ಲ. ಕರೀಲಿಕ್ಕೆ.”

“ಸಂಜೀವ.”

“ಸಂಜೀವಣ್ಣ, ನಮಗೆ ಮೂರು ಚಾ ಕೊಡ್ತೀರಾ?”

“ಕೊಡ್ತೇನೆ ಸರ್,” ಎಂದು ಸಂಜೀವಣ್ಣ ಒರೆಸಿದ ಮೇಜನ್ನೇ ಇನ್ನೊಮ್ಮೆ ಒರೆಸಿದರು.