ಮಗನ ಜವಳ, ಅಪ್ಪನ ತಲೆ

ಮಸ್ಕತ್ತಿನಲ್ಲಿ ಆರು ವರ್ಷ ಸಂಸಾರ ಮಾಡಿದವನಿಗೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಡುವುದು ಎಷ್ಟರ ಕೆಲಸ? ಟಿಕೆಟ್ ತೆಗೆಸಿದೆ, ಚೀಲ ತೂಗಿದೆ, ಖರ್ಜೂರ ಕೊಂಡೆ. ಹೊರಡಲು ಹತ್ತು ದಿನ ಇರುವಾಗಲೇ ಎಲ್ಲ ಮುಗಿದಿತ್ತು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಎಷ್ಟು ಅಪಾಯಕಾರಿ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಮಗ ಬಸುವಿಗೆ ಮೂರು ವರ್ಷ. ಅವನು ಹುಟ್ಟಿದ ಮೇಲೆ ಊರಿಗೆ ಹೊರಟಿದ್ದು ಇದೇ ಮೊದಲು. ಏಳು ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸು ಅದು. ಆಗ ಮಾದನಹಿಪ್ಪರಗಾದಲ್ಲಿದ್ದ ನನ್ನವ್ವ ಮನೆದೇವರಿಗೆ ಹರಕೆ ಹೊತ್ತಿದ್ದಳು. ಕೂಸು ಉಳಿದರೆ ಜವಳ ನಿನ್ನ ಗುಡಿಯ ಮುಂದೆಯೇ ಮಾಡಿಸಿ ಮೊದಲ ಕೂದಲು ನಿನಗೇ ಕೊಡುತ್ತೇನೆ, ಅಲ್ಲಿಯತನಕ ನಾನು ಚಹಾ ಮುಟ್ಟುವುದಿಲ್ಲ! ದಿನಕ್ಕೆ ಎಂಟು ಸಲ ಚಹಾ ಕುಡಿಯುತ್ತಿದ್ದ ಅವ್ವ ಮೂರು ವರ್ಷದಿಂದ ಬರೀ ಬಿಸಿನೀರು ಕುಡಿಯುತ್ತ ನಮ್ಮ ದಾರಿ ಕಾಯುತ್ತಿದ್ದಳು.

ಇತ್ತ ಮಗನ ಕೂದಲು ಬೆನ್ನಿಗೆ ಇಳಿದಿತ್ತು. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ನಿಮ್ಮ ಹುಡುಗಿ ಬಹಳ ಮುದ್ದು" ಎನ್ನುತ್ತಿದ್ದರು. ಒಬ್ಬರಂತೂ ಬಳೆಯನ್ನೇ ತಂದುಕೊಟ್ಟರು. ನನ್ನ ಪಿತೃಹೃದಯ ಘಾಸಿಗೊಂಡಿತು. ಹೆಂಡತಿ ಶೋಭಾ ಆಸ್ಪತ್ರೆಯ ನರ್ಸು. ಅವಳು ಪಾಳಿಗೆ ಹೋಗಿದ್ದ ಒಂದು ಶುಕ್ರವಾರ ಮಗನನ್ನು ಕ್ಷೌರದಂಗಡಿಗೆ ಕರೆದೊಯ್ದೆ.

"ತುದಿ ಮಾತ್ರ, ಎರಡೇ ಬೆರಳು" ಎಂದೆ. ಕೂದಲಿನ ಬೆಲೆ ನನಗೆ ಗೊತ್ತಿಲ್ಲದ್ದೇನಲ್ಲ. ಎಡಗಿವಿಯ ಮೇಲೆ ಬೆಳೆದ ನಾಲ್ಕು ಕೂದಲನ್ನು ಬಲಗಿವಿಯ ತನಕ ಹೊದಿಸಿ, ನಲವತ್ತೆರಡನೇ ವಯಸ್ಸಿನಲ್ಲೂ ಮರ್ಯಾದೆ ಉಳಿಸಿಕೊಂಡವನು ನಾನು. ಆದರೆ ಮಗ ತಲೆ ಅಲ್ಲಾಡಿಸಿದ. ಎಡಗಡೆಯದು ಕಿವಿಯ ತನಕ ಹೋಯಿತು. ಸರಿಮಾಡಲು ಬಲಗಡೆ ತೆಗೆದರು. ಅದು ಇನ್ನೂ ಮೇಲೆ ಹೋಯಿತು. ಮತ್ತೆ ಎಡ, ಮತ್ತೆ ಬಲ. ಕೊನೆಗೆ ಮಷೀನು ಬಂತು. ಎರಡೂ ಕಡೆ ಸಮಾನತೆ ಸ್ಥಾಪನೆಯಾಯಿತು. ಕೂದಲು ಮಾತ್ರ ಉಳಿಯಲಿಲ್ಲ!

ಶೋಭಾ ಬಾಗಿಲಲ್ಲೇ ಚೀಲ ಕೈಬಿಟ್ಟಳು. "ಏನ್ರಿ ಇದು! ಅತ್ತಿಯವರಿಗೆ ಏನಂತ ಹೇಳ್ತೀರಿ?"

"ಇನ್ನೂ ಹತ್ತು ದಿನ ಅದ. ಬೆಳೀತಾವ ಬಿಡು."

"ಬೆಳೀಲಿಕ್ಕೆ ಅದೇನು ಮೆಂತಿ ಪಲ್ಯಾ ಏನ್ರಿ?"

ಮೆಂತ್ಯೆಯಾಗಿದ್ದರೆ ಬೆಳೆಯುತ್ತಿತ್ತು. ಹತ್ತು ದಿನ ವಿಡಿಯೋ ಕಾಲ್ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಕೈಕೊಟ್ಟಿತು. ಆರು ವರ್ಷದ ಮಗಳು ಅಕ್ಕುವಿನಿಂದ "ಅಜ್ಜಿ ಮುಂದ ಬಾಯಿ ಬಿಡೂದಿಲ್ಲ" ಎಂದು ಆಣೆ ಮಾಡಿಸಿಕೊಂಡೆ.

ಊರಿಗೆ ಹೋಗುವ ದಾರಿಯಲ್ಲಿ ಆಳಂದದಲ್ಲಿ ಗಾಡಿ ನಿಲ್ಲಿಸಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕಕ್ಕೆ ವೇಷದ ಸಾಮಾನು ಕೊಡುವ ಒಂದು ಅಂಗಡಿ. ಸುಳ್ಳು ಕೂದಲು ಬೇಕೆಂದೆ.

"ಕೃಷ್ಣಂದು ಅದ, ರಾಕ್ಷಸಂದು ಅದ. ಯಾವ್ದು ಕೊಡ್ಲಿರಿ?"

ಕೃಷ್ಣನದು ತೆಗೆದುಕೊಂಡೆ. ನವಿಲುಗರಿ ಪುಕ್ಕಟೆ ಇತ್ತು, ಬೇಡವೆಂದೆ. ಅಷ್ಟು ಬುದ್ಧಿ ನನಗಿದೆ.

"ದೇವ್ರಿಗೆ ನಾಟಕದ ಕೂದ್ಲಾ ಕೊಡ್ತೀರಿ?" ಎಂದು ಶೋಭಾ ತಲೆ ಚಚ್ಚಿಕೊಂಡಳು. ನಾನು ಯೋಜನೆ ವಿವರಿಸಿದೆ. ಸೋದರಮಾವ ಶಾಸ್ತ್ರಕ್ಕೆ ಎರಡು ಎಳೆ ಕತ್ತರಿಸುತ್ತಾನೆ, ತಕ್ಷಣ ನಾನು "ಅಯ್ಯೋ, ಜ್ವರ!" ಎಂದು ಕೂಗಿ ಮಗನನ್ನು ಎತ್ತಿಕೊಂಡು ಓಡುತ್ತೇನೆ. ಅವಳು ಹೋಗಿ ಗಾಡಿ ಹತ್ತಿ ಬಾಗಿಲು ಧಡಾರನೆ ಹಾಕಿಕೊಂಡಳು. ಒಪ್ಪಿದ್ದಾಳೆಂದು ತಿಳಿದೆ.

ಅವ್ವ ಮೊಮ್ಮಗನ ತಲೆ ಸವರಿ ಕಣ್ಣೀರು ಹಾಕಿದಳು. "ಎಷ್ಟ್ ದಪ್ಪ ಕೂದ್ಲ ಅವ ನನ್ನ ಬಂಗಾರಂದು! ಬಾ, ಎಣ್ಣಿ ಹಚ್ಚತೇನಿ."

"ಡಾಕ್ಟರ್ ಎಣ್ಣಿ ಬ್ಯಾಡ ಅಂದಾರವ್ವಾ!" ಎಂದು ನಡುವೆ ಹಾರಿದೆ.

"ಎಣ್ಣಿ ಬ್ಯಾಡ ಅನ್ನಾಂವ ಎಂಥಾ ಡಾಕ್ಟರ್‌ನೋ ನಿಮ್ಮಾಂವ?"

ಒಲೆಯ ಪಕ್ಕದಲ್ಲಿ ಹೊಸ ಚಹಾಪುಡಿಯ ಪಾಕೀಟು, ತೊಳೆದಿಟ್ಟ ಕಪ್ಪುಬಸಿ. ನಾಳೆಗೆಂದು ಅವ್ವ ಇಂದೇ ಜೋಡಿಸಿದ್ದಳು. ಆಗಲೇ ಹೇಳಿಬಿಡಬೇಕಿತ್ತು. ಧೈರ್ಯವೊಂದನ್ನು ಬಿಟ್ಟು ನನ್ನಲ್ಲಿ ಎಲ್ಲವೂ ಇತ್ತು.

ಮರುದಿನ ಸೋಮವಾರ. ಗುಡಿಯ ಮುಂದೆ ಕರಜಗಿಯಿಂದ ಬಂದ ಶೋಭಾಳ ತಮ್ಮ ಶಿವು, ಹೊಸ ಬಿಳಿ ಧೋತರ ಉಟ್ಟು, ಬಸುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ನಾನು ಓಡಲು ಅನುಕೂಲವಾಗಲೆಂದು ಚಪ್ಪಲಿಯ ಹತ್ತಿರವೇ ನಿಂತೆ. ಆದರೆ ತಲೆ ತೋಯಿಸದೆ ಕತ್ತರಿ ಎತ್ತುವವನಲ್ಲ ನಮ್ಮೂರಿನ ಕ್ಷೌರಿಕ ಮಲ್ಲಪ್ಪ ಕಾಕಾ. ಒಂದು ತಂಬಿಗೆ ನೀರು ಸುರಿದು ಗಸಗಸ ತಿಕ್ಕಿದ.

ಕೂದಲೆಲ್ಲ ಒಟ್ಟಿಗೆ ಅವನ ಕೈಗೆ ಬಂತು!

ಶಿವುವಿನ ಧೋತರದ ಮೇಲೆ ಕರಿ ಬಣ್ಣ ಇಳಿಯಿತು. ಮಲ್ಲಪ್ಪ ಕಾಕಾ ಆ ಕೂದಲನ್ನು ಎತ್ತಿ ಹಿಡಿದು, "ನಾ ಇನ್ನೂ ಕತ್ರಿ ಹಚ್ಚೇ ಇಲ್ರಿ!" ಎಂದ. ಅಕ್ಕು ಎಲ್ಲರಿಗೂ ಕೇಳುವಂತೆ ಕೂಗಿದಳು: "ಅಪ್ಪಾ, ನಾ ಹೇಳಿಲ್ಲ!"

ಇನ್ನು ಹೇಳಲು ಉಳಿದಿದ್ದವನು ನಾನೊಬ್ಬನೇ. ಹೇಳಿದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆ ಕೂದ್ಲರೆ ಎತ್ತಿಟ್ಟೀ ಏನೋ?"

"ಇಲ್ಲವ್ವಾ. ಅಂಗಡಿಯವ್ರು ಕಸಾ ಹೊಡೆದ್ರು."

ಅವ್ವ ಗುಡಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಅವಳು ಎದ್ದು ನಿಂತು ನನ್ನ ತಲೆಯನ್ನೇ ದಿಟ್ಟಿಸಿದಳು.

"ಮಲ್ಲಪ್ಪಾ, ಕತ್ತಿ ಮಸಿ. ದೇವ್ರ ಕೂದ್ಲ ಯಾರು ಕಳದಾರೋ ಅವ್ರೇ ತುಂಬಿ ಕೊಡ್ಲಿ!"

"ಅವ್ವಾ, ನನ್ನವು ಇರೂದೇ ಇಷ್ಟು..."

ಶಿವು ಬಸುವನ್ನು ಕೆಳಗಿಳಿಸಿ ತೊಡೆ ತಟ್ಟಿದ. "ಬರ್ರಿ ಮಾವಾರ, ತೊಡಿ ಖಾಲಿ ಅದ!"

ಎಂಬತ್ತು ಕಿಲೋದ ನಾನು ಕಲ್ಲಿನ ಮೇಲೆಯೇ ಕೂತೆ. ಶೋಭಾ ನಗುತ್ತ ಗುಡಿಯ ಕಂಬ ಹಿಡಿದುಕೊಂಡಳು. ಮಲ್ಲಪ್ಪ ಕಾಕಾ ಸಮಾಧಾನ ಹೇಳಿದ: "ಅಂಜಬ್ಯಾಡ್ರಿ ಸಾಹೇಬ್ರ, ಜಲ್ದಿ ಆಗ್ತದ. ಇಲ್ಲಿ ಕೆಲಸಾನೇ ಇಲ್ಲ."

ಮನೆಗೆ ಬಂದ ಮೇಲೆ ಶೋಭಾ ಚಹಾ ಮಾಡಿದಳು. ಅವ್ವ ಬಸಿಗೆ ಸುರಿದುಕೊಂಡು ಸುರ್ರೆಂದು ಒಂದು ಗುಟುಕು ಹೀರಿ ಕಣ್ಣು ಮುಚ್ಚಿದಳು. ಆ ಸದ್ದು ಕೇಳಿ ನನ್ನ ಕಣ್ಣೂ ತುಂಬಿತು. ಕೂದಲು ಹೋದರೆ ಹೋಗಲಿ ಅನ್ನಿಸಿತು. ಅದು ಆ ಹೊತ್ತಿನ ಭಾವನೆ.

ಈಗ ಮಸ್ಕತ್ತಿಗೆ ಮರಳಿ ಐದು ತಿಂಗಳಾಯಿತು. ಬಸುವಿನ ಕೂದಲು ಹಣೆಯ ಮೇಲೆ ಬೀಳುತ್ತಿದೆ. ನನ್ನದು ಬರುವ ಲಕ್ಷಣವೇ ಇಲ್ಲ. ವಾರಕ್ಕೊಮ್ಮೆ ಅವ್ವ ವಿಡಿಯೋ ಕಾಲ್ ಮಾಡುತ್ತಾಳೆ, ಕೈಯಲ್ಲಿ ಚಹಾದ ಬಸಿ ಹಿಡಿದೇ.

"ತಲಿ ತೋರ್ಸು."

ಬಗ್ಗಿ ತೋರಿಸುತ್ತೇನೆ.

"ಇನ್ನೂ ಬಂದಿಲ್ಲೇನೋ?"

"ಇಲ್ಲವ್ವಾ."

ಅವ್ವ ಸುರ್ರೆಂದು ಒಂದು ಗುಟುಕು ಹೀರಿ ಸಮಾಧಾನ ಮಾಡುತ್ತಾಳೆ: "ಇರ್ಲಿ ಬಿಡು. ಮದ್ಲರೆ ಏನು ಭಾಳ ಇದ್ವು!"