ಅಡಿಗೆ ಒಂದು ಅಂಗುಲ

ಗಂಡ ಮನೆ ಕಟ್ಟುತ್ತಿದ್ದಾನೆಂದು ಮ್ಯೂರಿಯಲ್ ಥ್ವೇಟ್‌ಗೆ ಸಿಟ್ಟೇನೂ ಇರಲಿಲ್ಲ. ಕಟ್ಟಲಿ. ನಿವೃತ್ತರಾದ ಗಂಡಸರಿಗೆ ಏನಾದರೊಂದು ಕೆಲಸ ಬೇಕು. ಇಲ್ಲದಿದ್ದರೆ ಅಡುಗೆಮನೆಗೆ ಬಂದು ನಿಂತು, ಈ ಡಬ್ಬಿ ಇಲ್ಲಿ ಯಾಕಿದೆ ಎಂದು ವಿಚಾರಣೆ ಶುರುಮಾಡುತ್ತಾರೆ. ಅವಳ ಸಿಟ್ಟೆಲ್ಲ ಆ ಮನೆಯ ಮೆಟ್ಟಿಲಿನ ಮೇಲೆ. ತಾವು ಬಾಳುತ್ತಿದ್ದ ನಿಜವಾದ ಮನೆಯಲ್ಲಿ ಮೂರನೆಯ ಮೆಟ್ಟಿಲು ಮುರಿದು ಎರಡು ವರ್ಷವಾಗಿತ್ತು. ಅದನ್ನು ದಾಟಿ ದಾಟಿ ಅವಳ ನಡಿಗೆಯೇ ಬಾತುಕೋಳಿಯಂತಾಗಿತ್ತು. ಅತ್ತ ಹಿತ್ತಲ ಶೆಡ್ಡಿನಲ್ಲಿ, ಎರಡಡಿ ಎತ್ತರದ ಬೊಂಬೆ ಕುಟೀರದೊಳಗೆ, ಐಸ್‌ಕ್ಯಾಂಡಿ ಕಡ್ಡಿಯಿಂದ ಮಾಡಿದ ಹದಿಮೂರು ಮೆಟ್ಟಿಲುಗಳು ಮೇಣ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿದ್ದವು.

"ಆ ಮೆಟ್ಟಿಲು ಹತ್ತೋರು ಯಾರು?" ಎಂದು ಕೇಳಿದಳು.

"ಯಾರೂ ಇಲ್ಲ," ಎಂದ ನೆವಿಲ್.

"ಈ ಮನೇದು?"

"ನಾವು."

"ಹಾಗಾದ್ರೆ ಯಾವುದನ್ನ ರಿಪೇರಿ ಮಾಡ್ಬೇಕು?"

ನೆವಿಲ್ ಪ್ರಾಮಾಣಿಕವಾಗಿ ಯೋಚಿಸಿದ. "ಕುಟೀರದ್ದಕ್ಕೆ ರಿಪೇರಿ ಏನೂ ಇಲ್ವಲ್ಲ ಮ್ಯೂರಿಯಲ್. ಗಟ್ಟಿಯಾಗಿದೆ."

ಮೂವತ್ತೊಂದು ವರ್ಷ ಯಾರ್ಕ್‌ಶೈರಿನ ಏರಿಳಿತದ ರಸ್ತೆಗಳಲ್ಲಿ ಬಸ್ಸು ಓಡಿಸಿದವನು ನೆವಿಲ್. ಬೆನ್ನ ಹಿಂದೆ ಐವತ್ತು ಜನ ಕೂಗಾಡಿದರೂ ಮುಂದಿನ ರಸ್ತೆಯನ್ನಷ್ಟೇ ನೋಡುವುದನ್ನು ಅಲ್ಲಿ ಕಲಿತಿದ್ದ. (ಆ ವಿದ್ಯೆ ಸಂಸಾರದಲ್ಲೂ ಕೈಹಿಡಿದಿತ್ತು.)

ಕುಟೀರ ಬೆಳೆದಂತೆಲ್ಲ ಮನೆ ಕರಗತೊಡಗಿತು. ಮುಂಬಾಗಿಲ ಕಾಲೊರೆಸು ಬೋಳಾಯಿತು. ಅದರ ನಾರೆಲ್ಲ ಕುಟೀರದ ಹುಲ್ಲು ಚಾವಣಿಯಾಗಿತ್ತು. ಮ್ಯೂರಿಯಲ್‌ಳ ಕಿವಿಯೋಲೆ ಒಂಟಿಯಾಯಿತು; ಅದರ ಜೋಡಿ ಕುಟೀರದ ಬಾಗಿಲು ತಟ್ಟುವ ಬಳೆಯಾಗಿತ್ತು. ಹೊಲಿಗೆಯ ಬೆರಳುಟೋಪಿ ಕಲ್ಲಿದ್ದಲ ಬಕೆಟ್ಟಾಯಿತು, ಟೂತ್‌ಪೇಸ್ಟಿನ ಮುಚ್ಚಳ ಹೂಕುಂಡವಾಯಿತು. ಚಳಿಗಾಲದ ಕೋಟಿಗೆ ಗುಂಡಿ ಹಾಕಲು ಹೋದರೆ ಗುಂಡಿಗಳೇ ಇಲ್ಲ, ಅವೆಲ್ಲ ಊಟದ ತಟ್ಟೆಗಳಾಗಿ ಎರಡಂಗುಲದ ಬೀರುವಿನಲ್ಲಿ ಸಾಲಾಗಿ ನಿಂತಿದ್ದವು.

"ಎಲ್ಲ ಅಳತೆ ಪ್ರಕಾರ ಇರ್ಬೇಕು ಕಣೇ," ಎಂದು ನೆವಿಲ್ ಉಪದೇಶಿಸಿದ. "ಅಡಿಗೆ ಒಂದು ಅಂಗುಲ. ಅದೇ ಶಾಸ್ತ್ರ."

"ಅಡಿಗೆ ಒಂದು ಅಂಗುಲವಾ?" ಎಂದಳು ಮ್ಯೂರಿಯಲ್. "ಸರಿ. ಇವತ್ತಿನಿಂದ ಅಡಿಗೆ ಒಂದೇ ಅಂಗುಲ!"

ಅಂದು ಮಧ್ಯಾಹ್ನ ನೆವಿಲ್ ಊಟಕ್ಕೆ ಕುಳಿತಾಗ ಅವನ ಮುಂದೆ ಕೋಟಿನ ಗುಂಡಿಯೊಂದು ಬಂದು ಕುಳಿತಿತು. ಗುಂಡಿಯ ಮೇಲೆ ಉಗುರಿನ ಚೂರಿನಷ್ಟು ಮಾಂಸ, ಒಂದು ಚಿಟಿಕೆ ಆಲೂಗಡ್ಡೆ, ಒಂದೇ ಒಂದು ಬಟಾಣಿ. ಮ್ಯೂರಿಯಲ್ ಎದುರಿಗೆ ಕೈಕಟ್ಟಿ ನಿಂತಳು, ಅಳುತ್ತಾನೋ ಕ್ಷಮೆ ಕೇಳುತ್ತಾನೋ ನೋಡೋಣವೆಂದು. ನೆವಿಲ್ ಜೇಬಿನಿಂದ ಭೂತಗನ್ನಡಿ ತೆಗೆದ. ಅವನ ಮುಖ ಅರಳಿತು.

"ಎಷ್ಟು ಚೆನ್ನಾಗಿ ಮಾಡಿದ್ದೀಯೇ! ಮಾಂಸದ ಅಳತೆ ಕರಾರುವಾಕ್ಕು. ಆದರೆ ಬಟಾಣಿ ದೊಡ್ಡದಾಯ್ತು ನೋಡು. ಈ ಲೆಕ್ಕಕ್ಕೆ ಅದು ಎಲೆಕೋಸು." ಎಂದವನೇ ಗುಂಡಿಯನ್ನು ಅಂಗೈಮೇಲಿಟ್ಟುಕೊಂಡು, ಚೆಲ್ಲದಂತೆ ಶೆಡ್ಡಿಗೆ ನಡೆದ. ಕುಟೀರದ ಊಟದ ಮೇಜಿಗೆ ಅದೊಂದೇ ಕೊರತೆಯಾಗಿತ್ತಂತೆ.

ಇಷ್ಟನ್ನೂ ಮ್ಯೂರಿಯಲ್ ನುಂಗಿಕೊಂಡಳೆಂದೇ ಇಟ್ಟುಕೊಳ್ಳೋಣ. (ನುಂಗಲಿಲ್ಲ, ನೆರೆಹೊರೆಗೆಲ್ಲ ಕೇಳಿಸಿತ್ತು.) ಆದರೆ ಶುಕ್ರವಾರ ಅವಳು ಪೆಟ್ಟಿಗೆಯಿಂದ ಅಮ್ಮನ ಲೇಸಿನ ಮೇಜುಹಾಸು ತೆಗೆದಳು. ಆ ತಾಯಿ ತನ್ನ ಮದುವೆಗೆ ಮುಂಚೆ ಎರಡು ಚಳಿಗಾಲ ಕಿಟಕಿಯ ಬಳಿ ಕೂತು ಹೆಣೆದದ್ದು. ಹಬ್ಬಕ್ಕೊಮ್ಮೆ ಹೊರಬರುತ್ತಿದ್ದದ್ದು. ಅದರ ಒಂದು ಮೂಲೆಯಲ್ಲಿ ನಾಲ್ಕು ಚೌಕಗಳು ಕತ್ತರಿಸಿ ಹೋಗಿದ್ದವು. ಮ್ಯೂರಿಯಲ್ ಬರಿಗಾಲಲ್ಲೇ ಶೆಡ್ಡಿಗೆ ಓಡಿದಳು. ಕುಟೀರದ ನಾಲ್ಕು ಕಿಟಕಿಗಳಲ್ಲಿ ಅಮ್ಮನ ಲೇಸು ತೂಗುತ್ತಿತ್ತು.

"ಮೂಲೇಲಿ ಕತ್ತರಿಸಿದ್ದು ಕಣೇ," ಎಂದ ನೆವಿಲ್, ಗಾಬರಿಯಾಗಿ ಎದ್ದು ನಿಂತು. "ಮೇಜಿಂದ ಕೆಳಗೆ ಇಳಿಬೀಳೋ ಭಾಗ. ಯಾರು ನೋಡ್ತಾರೆ?"

"ನಮ್ಮಮ್ಮ ನೋಡ್ತಾಳೆ!"

"ಅವರು ಹೋಗಿ ಹನ್ನೆರಡು ವರ್ಷ ಆಯ್ತಲ್ಲ..."

"ಅಲ್ಲಿಂದಲೇ ನೋಡ್ತಾಳೆ! ಮದುವೆ ದಿನವೇ ಹೇಳಿದ್ದಳು, ಇವನು ಕತ್ತರಿ ಹಿಡಿಯೋ ಜಾತಿ ಅಂತ. ನಾನು ಕೇಳಲಿಲ್ಲ!" (ಅಮ್ಮ ಹಾಗೇನೂ ಹೇಳಿರಲಿಲ್ಲ. ಆದರೆ ಬದುಕಿದ್ದರೆ ಈಗ ಖಂಡಿತ ಹೇಳುತ್ತಿದ್ದಳು.) ಅಷ್ಟು ಹೇಳಿ ಮ್ಯೂರಿಯಲ್ ಅತ್ತುಬಿಟ್ಟಳು. ಅತ್ತಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ನೆವಿಲ್ ಅಂಟು ತರಲು ಪೇಟೆಗೆ ಹೋದ. ಅವನ ಬಸ್ಸು ಮರೆಯಾದದ್ದೇ ತಡ, ಮ್ಯೂರಿಯಲ್ ಕುಟೀರವನ್ನು ತೋಟದ ತಳ್ಳುಗಾಡಿಗೆ ಹೇರಿದಳು. ಅಂದು ಚರ್ಚಿನ ಸಭಾಂಗಣದಲ್ಲಿ ಎರಡು ಕಾರ್ಯಕ್ರಮ. ಎಡಗಡೆ ಹಳೆಯ ಸಾಮಾನಿನ ಮಾರಾಟ, ಬಲಗಡೆ ಊರ ಹೆಂಗಸರ ಕರಕುಶಲ ಸ್ಪರ್ಧೆ. ಎಡಗಡೆ ಹೋಗಬೇಕೆಂದೇ ಅವಳು ಹೊರಟದ್ದು. ಯಾರಾದರೂ ಒಯ್ಯಲಿ, ಉರುವಲು ಮಾಡಿಕೊಳ್ಳಲಿ, ಕೋಳಿಗೂಡು ಮಾಡಿಕೊಳ್ಳಲಿ!

ಬಾಗಿಲಲ್ಲಿ ಎನಿಡ್ ಪಿಕರ್ಸ್‌ಗಿಲ್ ಕುಳಿತಿದ್ದಳು. ಟೀ ಆರದಿರಲೆಂದು ಕೆಟಲಿಗೆ ಉಣ್ಣೆಯ ಟೋಪಿ ಹೆಣೆದು ವರ್ಷವರ್ಷವೂ ಮೊದಲ ಬಹುಮಾನ ಹೊಡೆಯುವವಳು ಅವಳೇ. ಹೆಸರು ಬರೆದುಕೊಳ್ಳುವವಳೂ ಅವಳೇ. ತಳ್ಳುಗಾಡಿಯೊಳಗೆ ಇಣುಕಿದ ಎನಿಡ್‌ಳ ಬಾಯಿ ತೆರೆದೇ ಉಳಿಯಿತು.

"ಅಯ್ಯೋ, ಇದನ್ನ ಯಾರು ಮಾಡಿದ್ದು ಬಂಗಾರಿ? ನೀನಂತೂ ಅಲ್ಲ ಬಿಡು. ನಿನ್ನ ಕೈಲಿ ಕಿತ್ತಳೆ ಜ್ಯಾಮೇ ಗಟ್ಟಿ ಆಗೋದಿಲ್ಲ."

ಒಳಗೆ ಕುದಿಯುತ್ತಿದ್ದ ಸಿಟ್ಟು ದಿಕ್ಕು ಬದಲಿಸಲು ಅಷ್ಟೇ ಸಾಕಾಯಿತು.

"ನಾನೇ ಮಾಡಿದ್ದು!" ಎಂದಳು ಮ್ಯೂರಿಯಲ್. "ಬರ್ಕೋ. ಥ್ವೇಟ್. ಕೊನೇಲಿ ಎರಡು ಟಿ ಇಲ್ಲ, ಒಂದೇ."

ತಳ್ಳುಗಾಡಿ ಬಲಕ್ಕೆ ತಿರುಗಿತು.

ಹನ್ನೊಂದು ಗಂಟೆಗೆ ಕುಟೀರಕ್ಕೆ ಮೊದಲ ಬಹುಮಾನ ಬಂತು. ಉಣ್ಣೆಯ ಟೋಪಿ ಎರಡನೆಯದಾಯಿತು. ಎನಿಡ್‌ಳ ಮುಖ ನೋಡಿ ಮ್ಯೂರಿಯಲ್‌ಗೆ ಹತ್ತು ವರ್ಷದ ಆಯುಸ್ಸು ಕೂಡಿಬಂದಂತಾಯಿತು. ಪಾದ್ರಿಗಳು ಅವಳ ಕೈಹಿಡಿದು ವೇದಿಕೆಗೆ ಹತ್ತಿಸಿ, "ಮಿಸೆಸ್ ಥ್ವೇಟ್ ಎರಡು ಮಾತು ಆಡ್ತಾರೆ," ಎಂದುಬಿಟ್ಟರು. ಆಗಲೇ ಹಿಂದಿನ ಬಾಗಿಲು ತೆರೆಯಿತು. ಏದುಸಿರು ಬಿಡುತ್ತ, ಕೈಯಲ್ಲಿ ಅಂಟಿನ ಡಬ್ಬಿ ಹಿಡಿದು ನೆವಿಲ್ ನಿಂತಿದ್ದ. ಖಾಲಿ ಶೆಡ್ಡು ನೋಡಿ, ತಳ್ಳುಗಾಡಿಯ ಚಕ್ರದ ಗೆರೆ ಹಿಡಿದು ಓಡಿಬಂದಿದ್ದ.

ಅವನು ಕುಟೀರ ನೋಡಿದ. ಅದರ ಮೇಲೆ ಹೆಂಡತಿಯ ಹೆಸರಿದ್ದ ಚೀಟಿ ಓದಿದ. ವೇದಿಕೆ ನೋಡಿದ. ಮ್ಯೂರಿಯಲ್ ಲೆಕ್ಕ ಹಾಕಿದಳು. ಈಗ ಅವನು ಬಾಯಿಬಿಟ್ಟರೆ ಮುಗಿಯಿತು, ಎನಿಡ್ ಇದನ್ನು ತನ್ನ ಸಮಾಧಿಕಲ್ಲಿನ ಮೇಲೂ ಕೆತ್ತಿಸುತ್ತಾಳೆ.

ನೆವಿಲ್ ನಿಧಾನವಾಗಿ ಕೈ ಎತ್ತಿದ.

"ಒಂದು ಪ್ರಶ್ನೆ ಮೇಡಂ. ಚಾವಣಿ ಯಾವುದರಿಂದ ಮಾಡಿದ್ದು?"

"ಕಾ... ಕಾಲೊರೆಸಿಂದ," ಎಂದಳು.

"ಒಳ್ಳೇ ಬುದ್ಧಿವಂತಿಕೆ! ಮತ್ತೆ ಆ ಕಿಟಕಿ ಪರದೆ?"

ಸಭಾಂಗಣ ಕಿವಿಯಾಗಿ ಕೂತಿತ್ತು. ಮ್ಯೂರಿಯಲ್ ಗಂಡನನ್ನು ಸುಟ್ಟುಬಿಡುವಂತೆ ನೋಡಿದಳು. "ನಮ್ಮಮ್ಮನ ಲೇಸು."

"ಯಾರು ಕತ್ತರಿಸಿದ್ದು ಮೇಡಂ?"

ಹಲ್ಲುಗಳ ನಡುವಿನಿಂದ ಉತ್ತರ ಬಂತು. "ನಾನೇ."

"ಎಂಥಾ ತ್ಯಾಗ!" ಎಂದರು ಪಾದ್ರಿಗಳು ಗದ್ಗದಿತರಾಗಿ. "ಪೆಟ್ಟಿಗೆಯಲ್ಲಿ ಬಿದ್ದಿದ್ದ ತಾಯಿಯ ಕೈಕೆಲಸವನ್ನು ಬೆಳಕಿಗೆ ತಂದಿರಿ. ಮುಂದಿನ ಈಸ್ಟರಿಗೆ ನಮ್ಮ ಚರ್ಚಿಗೆ ಏಳುನೂರು ವರ್ಷ ತುಂಬುತ್ತೆ. ಇದೇ ಕೈಗಳಿಂದ ನಮ್ಮ ಚರ್ಚಿನ ಪುಟ್ಟ ಮಾದರಿ ಆಗಬೇಕು. ಬಣ್ಣದ ಗಾಜು, ಗಂಟೆ, ನಲವತ್ತು ಬೆಂಚು, ಎಲ್ಲ!"

ಚಪ್ಪಾಳೆ ಬಿತ್ತು. ಎಲ್ಲರದೂ ನಿಂತ ಮೇಲೂ ನೆವಿಲ್ ಒಬ್ಬನೇ ತಟ್ಟುತ್ತಿದ್ದ.

ಮನೆಗೆ ಬರುವಾಗ ಅವನೇ ಗಾಡಿ ತಳ್ಳಿದ.

"ನನ್ನದು ಅಂತ ಯಾಕೆ ಹೇಳಲಿಲ್ಲ?" ಎಂದು ಅರ್ಧ ದಾರಿಯಲ್ಲಿ ಗದರಿದಳು ಮ್ಯೂರಿಯಲ್.

"ಎನಿಡ್ ಮುಂದೆಯಾ? ನನಗೇನು ಹುಚ್ಚಾ?" ಎಂದ ನೆವಿಲ್. ಗಾಡಿಯನ್ನು ನಾಲ್ಕು ಹೆಜ್ಜೆ ತಳ್ಳಿ, "ಲೇಸಿನದು ತಪ್ಪಾಯ್ತು ಕಣೇ. ಕೇಳಬೇಕಾಗಿತ್ತು," ಎಂದ.

ಮ್ಯೂರಿಯಲ್ ಕುಟೀರದ ಪರದೆಯೊಂದನ್ನು ಸರಿಮಾಡಿದಳು. "ಆಯ್ತು ಬಿಡು. ಚರ್ಚು ಯಾವಾಗ ಶುರುಮಾಡ್ತೀಯ?"

"ನಾನಾ?" ನೆವಿಲ್ ಗಾಡಿ ನಿಲ್ಲಿಸಿದ. "ಪಾದ್ರಿಗಳು ಕೇಳಿದ್ದು ನಿನ್ನ ಕೈಗಳನ್ನ. ಬೇರೆ ವಿಷಯಕ್ಕೆ ಸುಳ್ಳು ಹೇಳಿದ್ರೆ ನಡೆಯುತ್ತೆ ಮ್ಯೂರಿಯಲ್. ಇದು ದೇವರ ಮನೆ."

ಸೋಮವಾರ ಬೆಳಿಗ್ಗೆಯಿಂದ ಮ್ಯೂರಿಯಲ್ ಶೆಡ್ಡಿನಲ್ಲಿದ್ದಾಳೆ. ಚರ್ಚಿನ ಚಾವಣಿಗೆ ಎರಡು ಸಾವಿರದ ನಾನೂರು ಹೆಂಚು, ಒಂದೊಂದೂ ಕಿರುಬೆರಳ ಉಗುರಿನಷ್ಟು. ಬೂದು ರಟ್ಟಿನಿಂದ ಕತ್ತರಿಸಬೇಕು, ಚಿಮಟದಲ್ಲಿ ಹಿಡಿದು ಅಂಟಿಸಬೇಕು. ನೆವಿಲ್ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತ ಪತ್ರಿಕೆ ಓದುತ್ತಾನೆ. ಗಂಟೆಗೊಮ್ಮೆ ಎದ್ದು, ಭೂತಗನ್ನಡಿ ಹಿಡಿದು, ಚಾವಣಿಯ ಮೇಲೆ ಬಾಗುತ್ತಾನೆ.

"ಏಳನೇ ಸಾಲು ಸೊಟ್ಟಗಿದೆ," ಎಂದ ಗುರುವಾರ. "ಕಿತ್ತು ಮತ್ತೆ ಅಂಟಿಸು. ನೆಲ ಒರೆಸೋವಾಗ ತೋರಿಸೋ ಶ್ರದ್ಧೆ ಇಲ್ಲೂ ಇರ್ಲಿ."

ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಇಂಥ ಮಾತಿಗೆ ಉತ್ತರ ಸಿಗದೆ ಹೋದದ್ದಿಲ್ಲ. ಆ ಕ್ಷಣಕ್ಕೂ ಮ್ಯೂರಿಯಲ್‌ಗೆ ಒಂದಲ್ಲ, ಹನ್ನೊಂದು ಉತ್ತರ ಹೊಳೆದವು. ಆದರೆ ಅವಳ ಎರಡೂ ಕೈ ಅಂಟಿನಲ್ಲಿ ಸಿಕ್ಕಿದ್ದವು, ತುಟಿಗಳ ನಡುವೆ ಎಂಟನೇ ಸಾಲಿಗೆಂದು ಕತ್ತರಿಸಿಟ್ಟ ಆರು ಹೆಂಚುಗಳಿದ್ದವು. ಬಾಯಿ ತೆರೆದರೆ ಬೆಳಗಿನ ಕೆಲಸವೆಲ್ಲ ನೆಲದ ಪಾಲು.

ಮ್ಯೂರಿಯಲ್ ಕಣ್ಣು ಕೆಂಪಗೆ ಮಾಡಿಕೊಂಡು, ಮೂಗಿನಲ್ಲೊಂದು ಹೂಂಕಾರ ಹಾಕಿ, ಏಳನೇ ಸಾಲನ್ನು ಕೀಳತೊಡಗಿದಳು.